ತಮ್ಮನ ಹಸಿವಿಗೆ ಕಾರಣ ಹುಡುಕಿ ಹೊರಟಿದ್ದು

ರಾತ್ರಿ ಎರಡು ಗಂಟೆ ಇರಬಹುದು. ಅಡುಗೆಮನೆಯಲ್ಲಿ ಇಲಿ ಕಡಿದ ಹಾಗೆ ಕರಕರ ಸದ್ದು. ಎದ್ದು ಹೋಗಿ ಲೈಟ್ ಹಾಕಿದೆ. ನನ್ನ ಮಗ ಅಕ್ಕಿ ಚೀಲದ ಪಕ್ಕ ಕುಕ್ಕರಗಾಲಲ್ಲಿ ಕೂತು ಹಸಿ ಅಕ್ಕಿ ಮುಕ್ಕುತ್ತಿದ್ದ. ಅಂಗಿಯ ತುದಿಯನ್ನೇ ಜೋಳಿಗೆ ಮಾಡಿಕೊಂಡು ಅದರಲ್ಲಿ ಎರಡು ಹಿಡಿ ಸೋನಾ ಮಸೂರಿ ತುಂಬಿಕೊಂಡಿದ್ದ. ತುಟಿಯ ಸುತ್ತ ಬೆಳ್ಳಗೆ ಹಿಟ್ಟು. ನನ್ನನ್ನು ನೋಡಿ ಓಡಲಿಲ್ಲ. "ಯವ್ವಾ, ಹೊಟ್ಟಿ ಹಸಿದೈತಿ" ಅಂದ. ಎಂಟು ಗಂಟೆಗೆ ನಾಲ್ಕು ರೊಟ್ಟಿ, ಎರಡು ಸಲ ಅನ್ನ ಉಂಡು ಮಲಗಿದ್ದ ಹುಡುಗ. ಆಗ ಅವನಿಗೆ ಆರು ವರ್ಷ.

ಅವತ್ತು ನಾನು ಅವನಿಗೆ ಹೊಡೆದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಹಾಗೆ ಎಷ್ಟೋ ಮನೆಗಳಲ್ಲಿ ಇಂಥ ಮಕ್ಕಳಿಗೆ ಏಟು ಬೀಳುತ್ತಿರಬಹುದು. ಅದಕ್ಕೇ ನಾವು ಪಟ್ಟಿದ್ದನ್ನೆಲ್ಲ ಬರೆಯಬೇಕು ಅನ್ನಿಸಿದ್ದು.

ನಮ್ಮದು ಗಂಗಾವತಿ ಹತ್ತಿರದ ಒಂದು ಹಳ್ಳಿ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ನಾಲ್ಕು ಎಕರೆ ಭತ್ತದ ಗದ್ದೆ. ನಾನು ಮನೆಯಲ್ಲೇ ಹೊಲಿಗೆ ಮಾಡುತ್ತೇನೆ. ಯಜಮಾನರು ನನಗೆ ಸೋದರಮಾವ, ನಮ್ಮವ್ವನ ಕೊನೇ ತಮ್ಮ. ಮದುವೆಗೆ ಮುಂಚೆ ಮಾಮಾ ಅಂತಿದ್ದೆ, ಈಗಲೂ ಹಾಗೇ ಕರೆಯುತ್ತೇನೆ. ಅಂದರೆ ನನ್ನ ಅತ್ತೆ ನನಗೆ ಆಯಿಯೂ ಹೌದು, ನನ್ನ ಅವ್ವನ ಅವ್ವ. ನಮ್ಮ ಕಡೆ ಇದೇನು ಹೊಸದಲ್ಲ. "ಹೊಲ ಹೊರಗ ಹೋಗಬಾರದು, ಹುಡುಗಿ ಕಣ್ಣಮುಂದ ಇರಬೇಕು" ಅಂತ ಹಿರಿಯರು ಮಾಡಿದ ಸಂಬಂಧ. ನಾನು ಈ ಮನೆಯಲ್ಲಿ ಸುಖವಾಗಿಯೇ ಇದ್ದೇನೆ.

ಮೊದಲನೆಯವಳು ಮಗಳು. ಸಣಕಲು. ನಾಲ್ಕು ವರ್ಷದ ಮೇಲೆ ಮಗ ಹುಟ್ಟಿದ. ಮನೆಯಲ್ಲಿ ಎಲ್ಲರೂ ಅವನನ್ನು ತಮ್ಮಾ ಅಂತಲೇ ಕರೆಯುತ್ತೇವೆ. ಹುಟ್ಟಿದಾಗ ಮೂರು ಕೆಜಿ ನೂರು ಗ್ರಾಂ. ಅದರಲ್ಲೇನೂ ವಿಶೇಷ ಇರಲಿಲ್ಲ. ಮೂರನೇ ತಿಂಗಳಿಂದ ಶುರುವಾಯಿತು. ಹಾಲು ಕುಡಿದು ಬಿಟ್ಟ ತಕ್ಷಣ ಮತ್ತೆ ಅಳು. ಕೈಕಾಲಿನಲ್ಲಿ ಮಡಿಕೆ ಮಡಿಕೆ. ಬಂದವರೆಲ್ಲ ಗಲ್ಲ ಹಿಂಡಿ ಮುದ್ದು ಮಾಡುತ್ತಿದ್ದರು. ಆಯಿ ಅಮವಾಸ್ಯೆಗೊಮ್ಮೆ ಉಪ್ಪು, ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆಯುತ್ತಿದ್ದಳು. ಅಂಗನವಾಡಿ ಟೀಚರ್ ತೂಕದ ಕಾರ್ಡಿನಲ್ಲಿ ಚುಕ್ಕಿ ಹಾಕುವಾಗ ಒಂದು ದಿನ ಪೆನ್ನು ಹಿಡಿದು ಸುಮ್ಮನೆ ಕೂತರು. ಚುಕ್ಕಿ ಇಡಲು ಕಾರ್ಡಿನಲ್ಲಿ ಜಾಗವೇ ಇರಲಿಲ್ಲ, ಗೆರೆಗಳೆಲ್ಲ ಕೆಳಗೇ ಮುಗಿದಿದ್ದವು. ನಾಲ್ಕು ತುಂಬಿದಾಗ 33 ಕೆಜಿ ಇದ್ದ.

ಅಲ್ಲಿಂದ ಮುದ್ದು ಮಾಡುವವರು ಕಡಿಮೆಯಾದರು, ಬುದ್ಧಿ ಹೇಳುವವರು ಜಾಸ್ತಿಯಾದರು. ಮದುವೆ ಮನೆಯಲ್ಲಿ ಪಂಕ್ತಿಗೆ ಕೂತರೆ ನಾಲ್ಕು ಜನ ಅವನ ಎಲೆಯನ್ನೇ ನೋಡುತ್ತಿದ್ದರು. ಒಂದು ಆಸ್ಪತ್ರೆಯಲ್ಲಿ ಡಾಕ್ಟರು ಅವನನ್ನು ತೂಕದ ಮಶೀನಿನಿಂದ ಇಳಿಸುವ ಮೊದಲೇ ನನ್ನ ಕಡೆ ತಿರುಗಿ, "ನೀವು ತಿನ್ನಿಸ್ತೀರಿ, ಅವನು ತಿಂತಾನೆ, ಅಷ್ಟೇ" ಅಂದರು. ಒಂದು ಡಯಟ್ ಚೀಟಿ ಕೊಟ್ಟರು. ಓಟ್ಸ್, ಬ್ರೊಕೊಲಿ, ಸಿಪ್ಪೆ ತೆಗೆದ ಸೇಬು. ನಮ್ಮ ಸಂತೆಯಲ್ಲಿ ಸಿಗುವುದು ಒಂದೂ ಅದರಲ್ಲಿ ಇರಲಿಲ್ಲ. ಥೈರಾಯ್ಡ್ ಟೆಸ್ಟ್ ಮಾಡಿಸಿದೆವು, ಸರಿಯಾಗಿತ್ತು. ಮತ್ತೊಂದು ಕಡೆ ಹೋದೆವು, ಅಲ್ಲೂ ಅದೇ ಟೆಸ್ಟ್, ಅದೇ ಮಾತು.

ನಾನು ಚೀಟಿಯಲ್ಲಿದ್ದಂತೆ ಮಾಡಲಿಲ್ಲ ಅಂತಲ್ಲ. ಎರಡು ತಿಂಗಳು ಎಣಿಸಿ ಕೊಟ್ಟೆ. ಒಂದು ರೊಟ್ಟಿ, ಒಂದು ಬಟ್ಟಲು ಪಲ್ಯ. ಆ ಎರಡು ತಿಂಗಳು ಅವನು ದನದ ಹಿಂಡಿ ತಿಂದ. ಶಾಲೆಯಲ್ಲಿ ಬೇರೆ ಮಕ್ಕಳ ತಟ್ಟೆಯಲ್ಲಿ ಬಿಟ್ಟ ಅನ್ನ ತಿಂದ. ಹಸಿ ಅಕ್ಕಿ ಮುಕ್ಕಿದ್ದೂ ಆಗಲೇ.

ದಾರಿ ತೋರಿಸಿದ್ದು ಹೊಸಪೇಟೆಯ ವಯಸ್ಸಾದ ಒಬ್ಬ ಮಕ್ಕಳ ಡಾಕ್ಟರು. ಜ್ವರಕ್ಕೆ ಅಂತ ಹೋಗಿದ್ದೆವು. ಮಗಳೂ ಜೊತೆಗಿದ್ದಳು. ಅವರು ಜ್ವರ ನೋಡಿ ಮುಗಿಸಿ, ಇಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿ ನೋಡಿದರು. "ಇಬ್ಬರಿಗೂ ಅಡುಗೆ ಒಂದೇ ಅಲ್ವಾ?" ಅಂತ ಕೇಳಿದರು. ಹೌದು ಸರ್ ಅಂದೆ. "ಹಾಗಾದರೆ ಅಡುಗೆ ಮೇಲೆ ಯಾಕೆ ತಪ್ಪು ಹಾಕೋದು?" ಅಂದು, ಬೆಂಗಳೂರಿನ ಮಕ್ಕಳ ಹಾರ್ಮೋನ್ ತಜ್ಞೆಗೆ ಒಂದು ಪತ್ರ ಬರೆದುಕೊಟ್ಟರು. ಆರು ವರ್ಷದಲ್ಲಿ ಒಬ್ಬರೂ ಕೇಳದ ಪ್ರಶ್ನೆ ಅದು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ.

ಸುಗ್ಗಿ ಮುಗಿದು ಭತ್ತದ ದುಡ್ಡು ಕೈಗೆ ಬಂದ ಮೇಲೆ ಹೊಸಪೇಟೆಯಿಂದ ಹಂಪಿ ಎಕ್ಸ್‌ಪ್ರೆಸ್ ಹತ್ತಿದೆವು. ರಾತ್ರಿ ಗಾಡಿ. ಬಳ್ಳಾರಿಯಲ್ಲಿ ಒಬ್ಬ ಇಡ್ಲಿ ಮಾರುತ್ತಾ ಬಂದ. ನಿದ್ದೆ ಹತ್ತಿದ್ದ ತಮ್ಮ ಆ ಕೂಗಿಗೇ ಎದ್ದು ಕೂತ. ಗುಂತಕಲ್ಲಿನಲ್ಲಿ ಚಹಾದವನ ಸದ್ದಿಗೆ ಮತ್ತೆ ಎದ್ದ. ಎದುರು ಬರ್ತಿನ ಹೆಂಗಸು ಬಿಸ್ಕೆಟ್ ಕೊಟ್ಟರು. ಅವನು ನನ್ನ ಮುಖ ನೋಡಿದ. ತಿನ್ನಲು ಅಪ್ಪಣೆ ಕೇಳುವ ಆ ನೋಟ ನನ್ನನ್ನು ಇವತ್ತಿಗೂ ಸುಡುತ್ತದೆ.

ಬೆಂಗಳೂರಿನ ಮೇಡಂ ಮುಕ್ಕಾಲು ಗಂಟೆ ನಮ್ಮ ಜೊತೆ ಕೂತರು. ಮೊದಲು ತೂಕ ನೋಡಲಿಲ್ಲ, ಎತ್ತರ ಅಳೆದರು. ಏಳು ವರ್ಷಕ್ಕೆ ಅವನು ಒಂಬತ್ತು ವರ್ಷದ ಹುಡುಗನಷ್ಟು ಉದ್ದ ಇದ್ದ. ಥೈರಾಯ್ಡ್ ಕಡಿಮೆಯಾಗಿಯೋ ಕಾರ್ಟಿಸೋಲ್ ಅನ್ನುವ ಹಾರ್ಮೋನ್ ಜಾಸ್ತಿಯಾಗಿಯೋ ದಪ್ಪ ಆಗುವ ಮಕ್ಕಳು ಸಾಮಾನ್ಯವಾಗಿ ಕುಳ್ಳಗಾಗುತ್ತಾರೆ, ಇವನು ಉದ್ದ ಬೆಳೆದಿದ್ದಾನೆ, ಹಾಗಾಗಿ ಬೇರೆ ಕಡೆ ಹುಡುಕಬೇಕು ಅಂದರು. ಆಮೇಲೆ ಕೈಕಾಲಿನ ಬೆರಳು ಎಣಿಸಿದರು. ಕತ್ತಲಲ್ಲಿ ಎಡವುತ್ತಾನಾ ಅಂತ ಕೇಳಿದರು. ಹುಟ್ಟಿದಾಗ ಮೈ ಬಿಗಿ ಇಲ್ಲದೆ ಬಟ್ಟೆಯ ಹಾಗೆ ಇದ್ದನಾ, ಹಾಲು ಚೀಪಲು ಕಷ್ಟಪಟ್ಟನಾ ಅಂತ ಕೇಳಿದರು. ಕೂದಲು ಬೆಳಕಿಗೆ ಹಿಡಿದು ಕೆಂಪಿದೆಯಾ ಅಂತ ನೋಡಿದರು. ಪ್ರತಿಯೊಂದಕ್ಕೂ ಯಾಕೆ ಅಂತಲೂ ಹೇಳುತ್ತಿದ್ದರು. ಆರು ಬೆರಳು, ರಾತ್ರಿಗುರುಡು ಇದ್ದರೆ ಬಾರ್ಡೆಟ್-ಬೀಡ್ಲ್ ಅನ್ನುವ ಕಾಯಿಲೆ. ಎಳೆಗೂಸಾಗಿದ್ದಾಗ ಮೈ ಸಡಿಲ, ಆಮೇಲೆ ವಿಪರೀತ ಹಸಿವು ಆದರೆ ಪ್ರಾಡರ್-ವಿಲ್ಲಿ. ಕೆಂಪು ಕೂದಲು ಇದ್ದರೆ ಪಿಒಎಂಸಿ ಅನ್ನುವ ಜೀನ್‌ನಲ್ಲಿ, ಅಂದರೆ ಅಪ್ಪ-ಅಮ್ಮನಿಂದ ಬರುವ ಮೈಯ ಬರಹದ ಒಂದು ತುಣುಕಿನಲ್ಲಿ, ತಪ್ಪು. ತಮ್ಮನಿಗೆ ಅದು ಯಾವುದೂ ಇರಲಿಲ್ಲ.

ಕೊನೆಗೆ ಅವನ ಕಾಲರ್ ಸರಿಸಿ ಕುತ್ತಿಗೆ ನೋಡಿದರು. ಅಲ್ಲಿ ಮಖಮಲ್ ಬಟ್ಟೆಯ ಹಾಗೆ ಕಪ್ಪು ಪಟ್ಟಿ ಇತ್ತು, ಅದರ ಮೇಲೆ ಕೆಂಪಗೆ ಗೀರು. "ಇದೇನು ಗಾಯ?" ಅಂದರು. ಕೊಳೆ ಅಂತ ತಿಳಿದು ಪ್ರತಿ ಭಾನುವಾರ ಕಡಲೆಹಿಟ್ಟು ಹಚ್ಚಿ ಕಲ್ಲಿನಿಂದ ಉಜ್ಜುತ್ತಿದ್ದೆ. ಅದು ಕೊಳೆ ಅಲ್ಲ, ರಕ್ತದಲ್ಲಿ ಇನ್ಸುಲಿನ್ ಜಾಸ್ತಿ ಇರುವುದರ ಗುರುತು, ಉಜ್ಜಿದರೆ ಹೋಗುವುದಿಲ್ಲ ಅಂದರು. ಮಗು ಅಷ್ಟು ವರ್ಷ ಆ ಉರಿ ತಡೆದುಕೊಂಡು ಕೂತಿತ್ತು.

ಆಮೇಲೆ ಮೇಡಂ ಒಂದು ಸಂಗತಿ ಹೇಳಿದರು. 1994ರಲ್ಲಿ ಅಮೆರಿಕದ ವಿಜ್ಞಾನಿ ಜೆಫ್ರಿ ಫ್ರೀಡ್‌ಮನ್ ಅವರ ತಂಡ ಲೆಪ್ಟಿನ್ ಅನ್ನುವ ಹಾರ್ಮೋನಿನ ಜೀನ್ ಕಂಡುಹಿಡಿಯಿತು. ನಮ್ಮ ಮೈಯ ಕೊಬ್ಬೇ ಅದನ್ನು ತಯಾರಿಸುತ್ತದೆ. ಸಂಗ್ರಹ ಸಾಕಷ್ಟಿದೆ ಅಂತ ಅದು ಮಿದುಳಿಗೆ ಸುದ್ದಿ ಮುಟ್ಟಿಸುತ್ತದೆ. ಮೂರು ವರ್ಷ ಬಿಟ್ಟು, 1997ರಲ್ಲಿ, ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ ಸದಾಫ್ ಫಾರೂಕಿ, ಸ್ಟೀಫನ್ ಓ'ರಾಹಿಲಿ ಮತ್ತು ಅವರ ಜೊತೆಗಾರರು ಇಬ್ಬರು ಮಕ್ಕಳ ಬಗ್ಗೆ ಬರೆದರು. ಪಾಕಿಸ್ತಾನ ಮೂಲದ ಒಂದೇ ಕುಟುಂಬದ ಮಕ್ಕಳು. ಹುಡುಗಿಗೆ ಎಂಟು ವರ್ಷ, 86 ಕೆಜಿ. ಹುಡುಗನಿಗೆ ಎರಡು ವರ್ಷ, 29 ಕೆಜಿ. ಇಬ್ಬರ ಮೈಯಲ್ಲೂ ಲೆಪ್ಟಿನ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಜೀನ್‌ನಲ್ಲಿ ಒಂದೇ ಒಂದು ಅಕ್ಷರ ಬಿಟ್ಟುಹೋಗಿತ್ತು. ಆ ಹುಡುಗಿಗೆ ದಿನಾ ಲೆಪ್ಟಿನ್ ಇಂಜೆಕ್ಷನ್ ಕೊಟ್ಟಾಗ ಹಸಿವು ತಣಿಯಿತು, ಒಂದು ವರ್ಷದಲ್ಲಿ 16 ಕೆಜಿ ಇಳಿಯಿತು.

ನಾನು ಮಧ್ಯದಲ್ಲೇ ಕೇಳಿದೆ, "ಆ ಮಕ್ಕಳ ಅಪ್ಪ-ಅಮ್ಮ ಸಂಬಂಧಿಕರೇನ್ರೀ ಮೇಡಂ?" ಹೌದು ಅಂದರು. ಮಾಮಾ ತಲೆ ತಗ್ಗಿಸಿದರು.

ಲೆಪ್ಟಿನ್ ಟೆಸ್ಟಿಗೆ ರಕ್ತ ಕೊಟ್ಟು ಬಂದೆವು. ಮಗನ ಮೈಯಲ್ಲಿ ಲೆಪ್ಟಿನ್ ಇಲ್ಲದಿರಲಿ ಅಂತ ನಾನು ಗವಿಸಿದ್ದೇಶ್ವರನಿಗೆ ಹರಕೆ ಹೊತ್ತೆ. ಇಲ್ಲ ಅಂತಾದರೆ ಔಷಧ ಇದೆಯಲ್ಲ. ರಿಪೋರ್ಟ್ ಬಂದಾಗ ಲೆಪ್ಟಿನ್ ಜಾಸ್ತಿಯೇ ಇತ್ತು. ಅವನ ಕೊಬ್ಬಿಗೆ ತಕ್ಕಷ್ಟು. ಮೈ ತನ್ನ ಕೆಲಸ ಮಾಡುತ್ತಿತ್ತು, ಸುದ್ದಿ ಹೋಗುತ್ತಿತ್ತು. ಅದಕ್ಕಿಂತ ಮುಂದೆ ಎಲ್ಲೋ ತಡೆ ಇದೆ, ಜೀನ್ ಟೆಸ್ಟ್ ಮಾಡಿಸೋಣ ಅಂದರು ಮೇಡಂ.

ಈ ಟೆಸ್ಟ್ ಹೇಗಿರುತ್ತದೋ ಅಂತ ತುಂಬ ಹೆದರಿದ್ದೆವು. ಅಂಥದ್ದೇನೂ ಇಲ್ಲ. ನೇರಳೆ ಮುಚ್ಚಳದ ಸಣ್ಣ ಟ್ಯೂಬಿನಲ್ಲಿ ಎರಡು-ಮೂರು ಎಂಎಲ್ ರಕ್ತ, ಅಷ್ಟೇ. ಖಾಲಿ ಹೊಟ್ಟೆಯಲ್ಲಿ ಬರಬೇಕು ಅಂತಲೂ ಇಲ್ಲ. ಅದಕ್ಕಿಂತ ಹೊತ್ತು ಹಿಡಿದಿದ್ದು ಮಾತು. ಜೆನೆಟಿಕ್ ಕೌನ್ಸೆಲರ್ ಅಂತ ಒಬ್ಬ ಹುಡುಗಿ ನಮ್ಮನ್ನು ಬೇರೆ ಕೋಣೆಗೆ ಕರೆದುಕೊಂಡು ಹೋದಳು. ದೊಡ್ಡ ಹಾಳೆ ಬಿಡಿಸಿ ನಮ್ಮ ಮನೆತನ ಬರೆಯತೊಡಗಿದಳು. ಗಂಡಸಿಗೆ ಚೌಕ, ಹೆಂಗಸಿಗೆ ದುಂಡು. ಎಲ್ಲಕ್ಕಿಂತ ಮೇಲೆ ಆಯಿ ಮತ್ತು ತೀರಿಹೋದ ಮುತ್ಯಾ. ಅವರ ಕೆಳಗೆ ಐದು ಮಕ್ಕಳು, ಮೊದಲನೆಯದು ನಮ್ಮವ್ವನ ದುಂಡು, ಕೊನೆಯದು ಮಾಮಾ ಅವರ ಚೌಕ. ಅವ್ವನ ಕೆಳಗೆ ನನ್ನ ದುಂಡು. ಗಂಡ-ಹೆಂಡತಿ ನಡುವೆ ಒಂದು ಗೆರೆ ಎಳೆಯುತ್ತಾ ಬಂದವಳು ನನ್ನಿಂದ ಮಾಮಾ ಅವರವರೆಗೆ ಸ್ಕೇಲ್ ಇಟ್ಟು ಎರಡು ಗೆರೆ ಎಳೆದಳು. ರಕ್ತಸಂಬಂಧದ ಮದುವೆಗೆ ಜೋಡಿ ಗೆರೆ. ಒಂದು ತಲೆಮಾರು ದಾಟಿ ಓರೆಯಾಗಿ ಹೋದ ಆ ಗೆರೆಯನ್ನೇ ನೋಡುತ್ತಾ ಕೂತೆ.

ಅವಳು ಮೆಲ್ಲಗೆ ವಿವರಿಸಿದಳು. ಪ್ರತಿ ಜೀನ್ ನಮ್ಮಲ್ಲಿ ಎರಡು ಪ್ರತಿ ಇರುತ್ತದೆ, ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಸೋದರಮಾವ ಮತ್ತು ಅಕ್ಕನ ಮಗಳ ನಡುವೆ ಸರಾಸರಿ ನಾಲ್ಕರಲ್ಲಿ ಒಂದು ಪಾಲು ಜೀನ್‌ಗಳು ಒಂದೇ ಮೂಲದಿಂದ ಬಂದಿರುತ್ತವೆ. ಹಿರಿಯರೊಬ್ಬರಲ್ಲಿ ಒಂದು ತಪ್ಪು ಪ್ರತಿ ಇದ್ದರೆ, ಅದು ಎರಡು ದಾರಿಯಿಂದ ಬಂದು ಒಂದೇ ಮಗುವಿನಲ್ಲಿ ಕೂಡುವ ಸಾಧ್ಯತೆ ಜಾಸ್ತಿ. ಇನ್ನೊಂದು ಎಚ್ಚರಿಕೆಯನ್ನೂ ಕೊಟ್ಟಳು. ರಿಪೋರ್ಟಿನಲ್ಲಿ ಏನೂ ಸಿಗದೇ ಇರಬಹುದು, ಅಥವಾ ಸಿಕ್ಕಿದ್ದು ಕಾಯಿಲೆಗೆ ಕಾರಣವೋ ಅಲ್ಲವೋ ಅಂತ ಹೇಳಲು ಬಾರದೇ ಇರಬಹುದು. ಹಾಗೆಂದು ಒಪ್ಪಿ ಸಹಿ ಮಾಡಬೇಕು. ಎಲ್ಲ ಸೇರಿ ನಮಗೆ ಇಪ್ಪತ್ತು ಸಾವಿರದ ಹತ್ತಿರ ಖರ್ಚಾಯಿತು. ನನ್ನ ಹೊಲಿಗೆ ಚೀಟಿ ಎತ್ತಿ ಕಟ್ಟಿದೆ.

ಆರು ವಾರ ಕಾದೆವು. ನಡುವೆ ಒಂದು ಸಲ ನಾನೇ ಫೋನ್ ಮಾಡಿ ವಿಚಾರಿಸಿದೆ, ಇನ್ನೂ ಬಂದಿಲ್ಲ ಅಂದರು.

ಬಂದಾಗ ಮೇಡಂ ಮೂರು ಪುಟದ ರಿಪೋರ್ಟ್ ತಿರುಗಿಸಿ ನಮ್ಮ ಮುಂದಿಟ್ಟರು. ಎಂಸಿ4ಆರ್ ಅಂತ ದಪ್ಪ ಅಕ್ಷರದಲ್ಲಿ ಇತ್ತು. ಪಕ್ಕದಲ್ಲಿ ಹೋಮೋಜೈಗಸ್. ಅಂದರೆ ಎರಡೂ ಪ್ರತಿಯಲ್ಲಿ ಒಂದೇ ತಪ್ಪು. ಈ ಜೀನ್ 18ನೇ ಕ್ರೋಮೋಸೋಮಿನ ಮೇಲಿದೆ. ಇದರಲ್ಲಿ ತಪ್ಪಾದರೆ ಮನುಷ್ಯರಿಗೆ ವಿಪರೀತ ದಪ್ಪ ಬರುತ್ತದೆ ಅಂತ 1998ರಲ್ಲಿ ಎರಡು ಬೇರೆ ಬೇರೆ ತಂಡಗಳು ತೋರಿಸಿದವಂತೆ. ಒಂದೇ ಜೀನಿನಿಂದ ಬರುವ ಬೊಜ್ಜಿನಲ್ಲಿ ಇದೇ ಎಲ್ಲಕ್ಕಿಂತ ಸಾಮಾನ್ಯ. ಬ್ರಿಟನ್ನಿನಲ್ಲಿ ಚಿಕ್ಕಂದಿನಿಂದಲೇ ತೀರ ದಪ್ಪ ಇದ್ದ 500 ಜನರನ್ನು ಪರೀಕ್ಷಿಸಿದಾಗ ನೂರಕ್ಕೆ ಐದಾರು ಜನರಲ್ಲಿ ಇದು ಸಿಕ್ಕಿತ್ತು.

ಇದು ಹೇಗೆ ಕೆಲಸ ಮಾಡುತ್ತದೆ ಅಂತ ಮೇಡಂ ಚಿತ್ರ ಬರೆದರು. ಕೊಬ್ಬಿನಿಂದ ಲೆಪ್ಟಿನ್ ಹೊರಡುತ್ತದೆ. ಮಿದುಳಿನ ತಳದಲ್ಲಿ ಹೈಪೋಥಲಮಸ್ ಅಂತ ಒಂದು ಜಾಗ. ಅಲ್ಲಿನ ಕೆಲವು ನರಕೋಶಗಳು ಲೆಪ್ಟಿನ್ ಬಂದದ್ದು ತಿಳಿದು ಮೆಲನೊಕಾರ್ಟಿನ್ ಅನ್ನುವ ಇನ್ನೊಂದು ರಾಸಾಯನಿಕ ಬಿಡುತ್ತವೆ. ಅದು ಮುಂದಿನ ನರಕೋಶದ ಮೇಲಿರುವ, ಈ ಜೀನ್ ತಯಾರಿಸುವ ಎಂಸಿ4ಆರ್ ಅನ್ನುವ ಜಾಗದಲ್ಲಿ ಕೂತರೆ ಹೊಟ್ಟೆ ತುಂಬಿತು, ಸಾಕು ಅನ್ನಿಸುತ್ತದೆ. ತಮ್ಮನಲ್ಲಿ ಆ ಕೊನೇ ಜಾಗವೇ ಕೆಟ್ಟಿದೆ.

ನನಗೆ ಅರ್ಧ ಅರ್ಥವಾಯಿತು, ಅರ್ಧ ಆಗಲಿಲ್ಲ. ಮಾಮಾ ಚಿತ್ರದ ಮೇಲೆ ಬೆರಳಿಟ್ಟು ನಿಧಾನಕ್ಕೆ ಅಂದರು, "ಗದ್ದಿ ತುಂಬೈತಿ. ತುಂಬೈತಿ ಅಂತ ನೀರಗಂಟಿಗೆ ಸುದ್ದೀನೂ ಹೋಗೈತಿ. ಅಂವ ಬಂದು ತೂಬಿನ ಗೇಟ್ ತಿರುವಾಕತ್ತಾನ. ಗೇಟಿನ ಹಲ್ಲs ಸವದಾವ, ಅದು ಕೆಳಗ ಇಳಿಯವಲ್ದು. ಹಂಗೇನ್ರೀ?" ಮೇಡಂ ಪೆನ್ನು ಕೆಳಗಿಟ್ಟು, ಇನ್ನು ಮೇಲೆ ನಾನೂ ಹೀಗೇ ಹೇಳ್ತೀನಿ ಅಂದರು. ಬರುವಾಗ ರೈಲಿನಲ್ಲಿ ಮಾಮಾ ಮಗನ ತಲೆ ತೊಡೆಯ ಮೇಲೆ ಇಟ್ಟುಕೊಂಡು ರಾತ್ರಿಯಿಡೀ ಕೂತೇ ಇದ್ದರು.

ನಮ್ಮಿಬ್ಬರ ರಕ್ತವನ್ನೂ ನೋಡಿದರು. ಇಬ್ಬರಲ್ಲೂ ಒಂದೊಂದು ತಪ್ಪು ಪ್ರತಿ. ಈ ಜೀನಿನ ವಿಶೇಷ ಏನೆಂದರೆ ಒಂದು ಪ್ರತಿ ಕೆಟ್ಟಿದ್ದರೂ ಸ್ವಲ್ಪ ಪರಿಣಾಮ ಇರುತ್ತದೆ, ಎರಡೂ ಕೆಟ್ಟರೆ ತುಂಬ ಜಾಸ್ತಿ. ನಾನು 74 ಕೆಜಿ, ಮಾಮಾ 90 ದಾಟಿದವರು. ಅವ್ವನೂ ದಪ್ಪವೇ. ನಾವೆಲ್ಲ ನಮ್ಮದು ದೊಡ್ಡ ಎಲುಬಿನ ಮನೆತನ ಅಂದುಕೊಂಡಿದ್ದೆವು.

ಹಾಗಾದರೆ ಇದು ಆಯಿಯಿಂದ ಬಂತೋ, ಮುತ್ಯಾನಿಂದ ಬಂತೋ? ಮುತ್ಯಾ ಕಡ್ಡಿಯಂತಿದ್ದರು. ಆಯಿಯ ರಕ್ತ ಗಂಗಾವತಿಯಲ್ಲೇ ತೆಗೆಸಿ ಬೆಂಗಳೂರಿಗೆ ಕಳಿಸಿದೆವು. ಅವಳೇ ಹಟ ಹಿಡಿದಳು, "ಮೊಮ್ಮಗನ ಸಲುವಾಗಿ ಎರಡು ಹನಿ ರಕ್ತ ಕೊಟ್ರ ಏನಾಕ್ಕತಿ" ಅಂತ. ಅವಳಲ್ಲೂ ಒಂದು ಪ್ರತಿ ಕೆಟ್ಟಿತ್ತು. ಕೌನ್ಸೆಲರ್ ಹಾಳೆಯಲ್ಲಿ ಆಯಿ, ಅವ್ವ, ನಾನು, ಮಾಮಾ, ನಾಲ್ಕು ಗುರುತುಗಳಿಗೆ ಅರ್ಧರ್ಧ ಬಣ್ಣ ತುಂಬಿದಳು. ತಮ್ಮನ ಚೌಕ ಪೂರ್ತಿ ಕಪ್ಪು.

ಮನೆಗೆ ಬಂದು ಆಯಿಗೆ ಹೇಳಿದೆ. ಬೇಳೆ ಆರಿಸುತ್ತಾ ಕೂತಿದ್ದಳು. ಹದಿನಾಲ್ಕನೇ ವಯಸ್ಸಿಗೆ ಈ ಮನೆಗೆ ಬಂದವಳು. ಅವಳ ಅತ್ತೆ ರೊಟ್ಟಿ ಎಣಿಸಿ ಬುಟ್ಟಿಗೆ ಇಡುತ್ತಿದ್ದರಂತೆ. ಹಸಿವು ತಡೆಯದೆ ದನದ ಕೊಟ್ಟಿಗೆಯಲ್ಲಿ ಕೂತು, ಕಟಕು ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಸಿ ತಿನ್ನುತ್ತಿದ್ದಳಂತೆ. ಒಮ್ಮೆ ಸಿಕ್ಕಿಬಿದ್ದಳು. ಅವತ್ತಿನಿಂದ ಊರಲ್ಲಿ ಅವಳಿಗೆ ಕಣಜ ಅಂತ ಹೆಸರು. ಐವತ್ತು-ಅರವತ್ತು ವರ್ಷ ಆ ಹೆಸರಿನಲ್ಲೇ ಕರೆದರು. ನಾನು ಹೇಳಿದ್ದನ್ನೆಲ್ಲ ಕೇಳಿ ಮೊರ ಪಕ್ಕಕ್ಕಿಟ್ಟಳು. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದಳು:

"ಅಂದ್ರ ಯವ್ವಾ, ನಾ ಹೊಟ್ಟಿಬಾಕ ಆಗಿದ್ದಿಲ್ಲೇನು?"

ಇಲ್ಲ ಆಯಿ, ನಿನ್ನ ಹಸಿವು ಖರೇನೇ ಇತ್ತು ಅಂದೆ. ತಮ್ಮನನ್ನು ಹತ್ತಿರ ಕರೆದು ಅವನ ಕುತ್ತಿಗೆ ಸವರಿದಳು. "ನನ್ನ ಪಾಲಿಂದು ನಿನಗ ಬಂತಲ್ಲೋ ತಮ್ಮಾ" ಅಂದಳು.

ಔಷಧದ ವಿಷಯ. ಸೆಟ್‌ಮೆಲನೊಟೈಡ್ ಅನ್ನುವ ಇಂಜೆಕ್ಷನ್ನಿಗೆ 2020ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿದೆ. ಪಿಒಎಂಸಿ, ಲೆಪ್ಟಿನ್ ರಿಸೆಪ್ಟರ್ (ಲೆಪ್ಟಿನ್ ಬಂದು ಕೂರುವ ಜಾಗ) ಮತ್ತು ಪಿಸಿಎಸ್‌ಕೆ1 ಅನ್ನುವ ಜೀನ್‌ಗಳ ತೊಂದರೆಗೆ ಅದು. ಆದರೆ ಅದು ಕೆಲಸ ಮಾಡುವುದೇ ಎಂಸಿ4ಆರ್ ಮೇಲೆ ಕೂತು. ಆ ಜಾಗವೇ ಕೆಟ್ಟಿದ್ದರೆ ಏನು ಪ್ರಯೋಜನ? ಲಿರಾಗ್ಲುಟೈಡ್‌ನಂಥ ಔಷಧಗಳು ಬೇರೆ ದಾರಿಯಿಂದ ಹಸಿವು ತಗ್ಗಿಸುತ್ತವೆ. ಎಂಸಿ4ಆರ್‌ನ ಒಂದು ಪ್ರತಿ ಕೆಟ್ಟವರಲ್ಲಿ ಅದು ತೂಕ ಇಳಿಸಿದ್ದನ್ನು ನೋಡಿದ್ದಾರೆ. ತಮ್ಮನಿಗೆ ಹನ್ನೆರಡು ತುಂಬಲಿ, ಆಗ ಯೋಚಿಸೋಣ ಅಂದಿದ್ದಾರೆ ಮೇಡಂ. ಸದ್ಯಕ್ಕೆ ಔಷಧ ಇಲ್ಲ ಅಂತ ಅವರು ನೇರವಾಗಿ ಹೇಳಿದ್ದು ನನಗೆ ಒಳ್ಳೆಯದೇ ಆಯಿತು. ಗಿಡಮೂಲಿಕೆ, ಪುಡಿ, ಬೆಲ್ಟ್ ಅಂತ ದುಡ್ಡು ಹಾಕುವುದು ನಿಂತಿತು. ದೊಡ್ಡವರಾಗುತ್ತಾ ಈ ಹಸಿವು ಚಿಕ್ಕಂದಿನಷ್ಟು ಜೋರಾಗಿ ಇರುವುದಿಲ್ಲ ಅಂತಲೂ ಹೇಳಿದರು. ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೇನೆ.

ಮನೆಯಲ್ಲಿ ಏನು ಬದಲಾಯಿತು ಅಂದರೆ, ಮೊದಲು ಬೈಗುಳ ನಿಂತಿತು. ಅವನು ಹಸಿವು ಅಂದರೆ ಸುಳ್ಳು ಅಂತ ಯಾರೂ ಹೇಳುವುದಿಲ್ಲ. ಅಕ್ಕಿ ಚೀಲ, ಬೆಲ್ಲದ ಡಬ್ಬಿ ಅಟ್ಟಕ್ಕೆ ಹೋದವು. ಕಣ್ಣಿಗೆ ಬಿದ್ದರೆ ತಡೆದುಕೊಳ್ಳುವುದು ಅವನ ಕೈಲಿ ಇಲ್ಲ, ಹಾಗಾಗಿ ಕಣ್ಣಿಗೆ ಬೀಳದ ಹಾಗೆ ಇಡುವುದು ನಮ್ಮ ಕೆಲಸ. ಊಟದ ಹೊತ್ತು ನಿಗದಿ ಮಾಡಿದೆವು. ಏಳು, ಹನ್ನೆರಡೂವರೆ, ನಾಲ್ಕೂವರೆ, ಎಂಟು. ಗಡಿಯಾರ ನೋಡಲು ಅವನು ಕಲಿತಿದ್ದೇ ಹೀಗೆ. ಮುಂದಿನ ಊಟ ಯಾವಾಗ ಅಂತ ಖಾತ್ರಿ ಇದ್ದರೆ ಅವನ ಚಡಪಡಿಕೆ ಅರ್ಧ ಕಡಿಮೆಯಾಗುತ್ತದೆ, ಇದು ನಾನೇ ಕಂಡುಕೊಂಡಿದ್ದು. ಜೋಳದ ರೊಟ್ಟಿ ಎರಡು. ಹೆಸರುಕಾಳು, ಮಡಿಕೆಕಾಳು, ಪುಂಡಿಪಲ್ಯ, ಸೌತೆಕಾಯಿ, ಮಜ್ಜಿಗೆ ಅವನು ಕೇಳಿದಷ್ಟು. ಅನ್ನ ಒಂದು ಸೌಟು. ಎಲ್ಲರ ತಟ್ಟೆಯಲ್ಲೂ ಅದೇ. ಅವನೊಬ್ಬನಿಗೆ ಬೇರೆ ಇಟ್ಟಿದ್ದರೆ ಈ ಕಟ್ಟು ಒಂದು ವಾರವೂ ನಿಲ್ಲುತ್ತಿರಲಿಲ್ಲ.

ಶಾಲೆಗೆ ಮೇಡಂ ಬರೆದ ಪತ್ರ ಕೊಟ್ಟೆ. ಹೆಡ್‌ಮಾಸ್ತರು ಓದಿ, ಬಿಸಿಯೂಟದ ಅಕ್ಕಂದಿರನ್ನು ಕರೆಸಿ ವಿವರಿಸಿದರು. ಈಗ ಅವನಿಗೆ ಸಾಂಬಾರಿನ ತರಕಾರಿ ಜಾಸ್ತಿ, ಮೊಟ್ಟೆ ಕೊಡುವ ದಿನ ಮೊಟ್ಟೆ ಮೊದಲು, ಅನ್ನ ಆಮೇಲೆ. ಸಂಜೆ ಮಾಮಾ ಜೊತೆ ಕಾಲುವೆ ದಂಡೆ ಮೇಲೆ ಗದ್ದೆವರೆಗೆ ನಡೆದು ಹೋಗಿ ಬರುತ್ತಾನೆ. ಆರು ತಿಂಗಳಿಗೊಮ್ಮೆ ಸಕ್ಕರೆ, ಲಿವರ್ ನೋಡಿಸುತ್ತೇವೆ. ರಾತ್ರಿ ಗೊರಕೆ ಹೊಡೆಯುವಾಗ ಉಸಿರು ನಿಲ್ಲುತ್ತದಾ ಅಂತಲೂ ಪರೀಕ್ಷೆ ಮಾಡಿಸಿದೆವು.

ಹೋದ ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆಗೆ ಹೋಗಲೋ ಬೇಡವೋ ಅಂತ ಬಹಳ ಯೋಚಿಸಿದೆ. ಅಲ್ಲಿನ ದಾಸೋಹ ಗೊತ್ತಲ್ಲ. ಸುತ್ತಲಿನ ಊರುಗಳಿಂದ ಚಕ್ಕಡಿ, ಟ್ರ್ಯಾಕ್ಟರ್ ತುಂಬ ರೊಟ್ಟಿ ಬರುತ್ತವೆ. ಲಕ್ಷಗಟ್ಟಲೆ ಜನ ಉಣ್ಣುತ್ತಾರೆ, ಬೇಡ ಅನ್ನುವವರು ಯಾರೂ ಇಲ್ಲ. ಹರಕೆ ಇತ್ತು, ಹೋದೆವು. ತಮ್ಮ ಸಾಲಿನಲ್ಲಿ ಕೂತ. ರೊಟ್ಟಿ, ಪಲ್ಯ, ಮಾದಲಿ. ಎರಡನೇ ಸಲ ಬಡಿಸುವವರು ಬಂದಾಗ ಅವನು ಹಾಕಿಸಿಕೊಂಡ. ಮೂರನೇ ಸಲ ಬಂದಾಗ ನನ್ನ ಕಡೆ ನೋಡಿದ. ನಾನು ಏನೂ ಹೇಳಲಿಲ್ಲ. ಜಾತ್ರೆ ದಿನ ಉಂಡುಕೊಳ್ಳಲಿ ಬಿಡು ಅನ್ನಿಸಿತು. ಅವನು ಹಾಕಿಸಿಕೊಂಡು ಉಂಡ. ಅವತ್ತು ಯಾರೂ ಅವನ ಎಲೆ ನೋಡಲಿಲ್ಲ.

ಸುದ್ದಿ ಹಬ್ಬಿದ ಮೇಲೆ ಬಹಳ ಜನ ಕೇಳುತ್ತಾರೆ, ನಾವೂ ಈ ಟೆಸ್ಟ್ ಮಾಡಿಸಬೇಕಾ ಅಂತ. ಮೇಡಂ ನನಗೆ ಹೇಳಿದ್ದನ್ನೇ ಹೇಳುತ್ತೇನೆ. ಐದು ವರ್ಷದೊಳಗೇ ತೀರಾ ದಪ್ಪ ಆದ ಮಗು, ತಡೆಯಲಾರದ ಹಸಿವು, ಇವೆರಡೂ ಇದ್ದರೆ ಕೇಳಿ. ಮಿಕ್ಕವರ ದಪ್ಪದಲ್ಲೂ ಜೀನ್‌ಗಳ ಪಾಲು ಇದೆ, ಆದರೆ ಅಲ್ಲಿ ನೂರಾರು ಜೀನ್‌ಗಳು ಸ್ವಲ್ಪ ಸ್ವಲ್ಪ ತಳ್ಳುತ್ತವೆ. 2007ರಲ್ಲಿ ಸಿಕ್ಕ ಎಫ್‌ಟಿಒ ಅನ್ನುವ ಜೀನ್ ಅವುಗಳಲ್ಲಿ ದೊಡ್ಡದು. ಅದರ ಎರಡೂ ಪ್ರತಿ ದಪ್ಪದ ಕಡೆಯವು ಆದರೂ ಹೆಚ್ಚಾಗುವುದು ಸರಾಸರಿ ಮೂರು ಕೆಜಿ. ಅಂಥವರಿಗೆ ಊಟ, ಓಡಾಟ, ನಿದ್ದೆಯಿಂದ ಬಹಳ ಆಗುತ್ತದೆ. ನಮ್ಮ ತಮ್ಮನ ಕಥೆಯನ್ನು ನೆಪ ಮಾಡಿಕೊಂಡು ಯಾರೂ ನಡೆಯುವುದು ಬಿಡಬೇಡಿ ಅಂತ ಕೇಳಿಕೊಳ್ಳುತ್ತೇನೆ.

ಮನೆಯಲ್ಲಿ ಕಷ್ಟದ ಮಾತು ಇನ್ನೊಂದಿದೆ. ಮಾಮಾ ಅವರ ಅಕ್ಕ, ಅಂದರೆ ನನಗೆ ಚಿಕ್ಕವ್ವ, ತನ್ನ ಮಗನಿಗೆ ನನ್ನ ಮಗಳನ್ನು ಕೇಳುತ್ತಲೇ ಇದ್ದಾಳೆ. ತೊಟ್ಟಿಲಲ್ಲಿ ಇದ್ದಾಗಿನ ಮಾತು. ನಾನು ಆ ಹಾಳೆ ಬಿಡಿಸಿ ತೋರಿಸಿದೆ. ಇಬ್ಬರಲ್ಲೂ ಒಂದೊಂದು ಕೆಟ್ಟ ಪ್ರತಿ ಇದ್ದರೆ ಪ್ರತಿ ಬಸಿರಿಗೂ ನಾಲ್ಕರಲ್ಲಿ ಒಂದು ಸಲ ತಮ್ಮನಂಥ ಮಗು ಆಗಬಹುದು ಅಂದೆ. "ಅಂದ್ರ ನಮ್ಮ ರಕ್ತ ಕೆಟ್ಟಂಗಾತೇನು?" ಅಂತ ಸಿಟ್ಟಾದಳು. ಎರಡು ತಿಂಗಳು ಮಾತು ಬಿಟ್ಟಿದ್ದಳು. ಆಯಿಯೇ ಅವಳನ್ನು ಕರೆಸಿ, "ನನಗ ಐತಿ, ನಾನs ಹೇಳಾಕತ್ತೀನಿ, ಹುಡುಗೀನ ಹೊರಗ ಕೊಡ್ರಿ" ಅಂದಳು. ಮಗಳನ್ನು ಈಗ ಟೆಸ್ಟ್ ಮಾಡಿಸುವುದು ಬೇಡ, ಹದಿನೆಂಟು ತುಂಬಿದ ಮೇಲೆ ಅವಳೇ ನಿರ್ಧರಿಸಲಿ ಅಂದಿದ್ದಾರೆ ಮೇಡಂ. ಅದು ಸರಿ ಅಂತ ನನಗೂ ಅನ್ನಿಸುತ್ತದೆ.

ಜೂನ್‌ನಲ್ಲಿ ಶಾಲೆ ಶುರು. ಸಮವಸ್ತ್ರದ ಬಟ್ಟೆ ಅವನೊಬ್ಬನಿಗೆ ಯಾವಾಗಲೂ ಸಾಲುತ್ತಿರಲಿಲ್ಲ, ಪ್ರತಿ ವರ್ಷ ಬೇರೆ ತುಂಡು ತಂದು ಬದಿಗೆ ಕೂಡಿಸಿ ಹೊಲಿಯುತ್ತಿದ್ದೆ. ಈ ಸಲ ಟೇಪ್ ಹಿಡಿದು ನಿಲ್ಲಿಸಿದೆ. ಅವನು ಉಸಿರು ಒಳಗೆ ಎಳೆದುಕೊಂಡ. ಬಿಡು ತಮ್ಮಾ, ಆರಾಮ ನಿಂದ್ರು ಅಂದೆ. ಉದ್ದ ಎರಡು ಇಂಚು ಜಾಸ್ತಿ. ಸೊಂಟ 35, ಹೋದ ವರ್ಷದ್ದೇ. ಪುಸ್ತಕದಲ್ಲಿ ಬರೆದುಕೊಂಡು ಇನ್ನೊಂದು ಸಲ ಅಳೆದೆ.